ಗಾಳಿಕಿಂಡಿಯ ಟವೆಲ್

ನಾನೂ ತಂಗಿಯೂ ವಾಸವಿದ್ದ, ಚಕ್ರದ ಮೇಲಿನ ಪುಟ್ಟ ಮನೆಯಂಥ ಮನೆಗಾಡಿಯ ಹೊರಗೆ ನಿಂತು, ಧೂಳು ಒರೆಸಲೆಂದು ಗಾಳಿಕಿಂಡಿಯ ಜಾಲರಿ ಬಿಚ್ಚುತ್ತಿದ್ದೆ. ಒಳಗೆ ಗ್ಯಾಸ್ ಹೀಟರ್ ಉರಿಯುವಾಗ ಆ ಕಿಂಡಿ ತೆರೆದೇ ಇರಬೇಕು; ಇಲ್ಲದಿದ್ದರೆ ವಿಷಗಾಳಿ ತುಂಬಿ ಮಲಗಿದವರು ಮತ್ತೆ ಏಳುವುದಿಲ್ಲ. ನೋಡಿದರೆ ಒಳಗಿನಿಂದ ಹಳೆಯ ಟವೆಲ್ ತುರುಕಲಾಗಿತ್ತು. ತಂಗಿಯದೇ ಕೆಲಸ. ಚಳಿ ತಡೆಯದೆ ಕಿಂಡಿ ಮುಚ್ಚಿ, ಹೀಟರ್ ಹಚ್ಚಿ, ಮಧ್ಯಾಹ್ನದ ನಿದ್ದೆಗೆ ಬಿದ್ದಿದ್ದಳು.

ನಾನು ಕೈ ಹಾಕುವ ಮೊದಲೇ ಟವೆಲ್ ಮೆಲ್ಲಗೆ ಹೊರಬರತೊಡಗಿತು. ಒಳಗಿನಿಂದ ಯಾರೋ ಬೆರಳಿನಿಂದ ಒಂದೊಂದೇ ಮಡಿಕೆ ತಳ್ಳುತ್ತಿದ್ದ ಹಾಗಿತ್ತು. ಮುಟ್ಟಿದರೆ ಮಂಜಿನಂತೆ ತಣ್ಣಗಿತ್ತು.

"ಸಾಕು ನಿನ್ನ ಮಂಗಾಟ, ಮೊದ್ಲು ಹೀಟರ್ ಆರಿಸೇ!" ಎಂದು, ತಂಗಿ ಎದ್ದಿದ್ದಾಳೆಂದುಕೊಂಡು ಗದರಿದೆ. ತಳ್ಳುವುದು ನಿಂತಿತು. ಹೀಟರಿನ ಸದ್ದು ಮಾತ್ರ ನಿಲ್ಲಲಿಲ್ಲ.

ಒಳಗೆ ನುಗ್ಗಿದರೆ, ತಂಗಿ ಕಿಂಡಿಯಿಂದ ದೂರ, ಆ ತುದಿಯ ಹಾಸಿಗೆಯಲ್ಲಿ ಕುತ್ತಿಗೆಯವರೆಗೆ ಹೊದ್ದು ಮಲಗಿದ್ದಳು. ಕರೆದರೆ ಓಗೊಡಲಿಲ್ಲ. ಹೀಟರ್ ಆರಿಸಿ, ರಟ್ಟೆ ಹಿಡಿದು ಹೊರಗೆಳೆದು ತಂದೆ. ಗಾಳಿ ಬಡಿದು ಎಷ್ಟೋ ಹೊತ್ತಾದ ಮೇಲೆ ಕಣ್ಣು ಬಿಟ್ಟಳು.

"ಟವೆಲ್ ತಳ್ಳಿದ್ದು ನೀನಾ?"

"ನಾನೆಲ್ಲಿ ಎದ್ದೆ ಅಕ್ಕಾ? ನೀನೇ ಅಲ್ವಾ, ಅಷ್ಟೊತ್ತೂ ಪಕ್ಕದಲ್ಲಿ ಕೂತು 'ಮಲಗ್ಬೇಡ, ಮಲಗ್ಬೇಡ' ಅಂತ ಕೆನ್ನೆ ತಟ್ತಿದ್ದಿದ್ದು? ಏನು ತಣ್ಣಗಿತ್ತೇ ನಿನ್ನ ಕೈ!"

ಗಾಡಿಗಿದ್ದದ್ದು ಒಂದೇ ಬಾಗಿಲು. ನಾನು ಅದರ ಪಕ್ಕದಲ್ಲೇ ನಿಂತಿದ್ದೆ.

ನಮಗಿಂತ ಮೊದಲು ಅದರಲ್ಲಿ ಯಾರು ಮಲಗುತ್ತಿದ್ದರೆಂದು ಕೇಳಿ, ಗಾಡಿ ಮಾರಿದ ಯಜಮಾನರಿಗೆ ಅಂದೇ ಕಾಗದ ಬರೆದೆ. ಉತ್ತರ ಬಂದುಬಿಟ್ಟೀತೆಂಬ ಭಯಕ್ಕೆ ವರ್ಷಗಟ್ಟಲೆ ಕಳಿಸಲೇ ಇಲ್ಲ. ಆದರೆ ತಂಗಿಯ ಜೀವ ಉಳಿಸಿದವರ ಹೆಸರೂ ತಿಳಿಯದೆ ಕಣ್ಣು ಮುಚ್ಚಲು ಮನಸ್ಸಾಗದೆ, ನಿನ್ನೆ ಅದನ್ನು ಅಂಚೆಡಬ್ಬಿಗೆ ಹಾಕಿ ಬಂದೆ.