ಬಾಟಲಿ ಹಿಡಿದವಳು

ಮಧುಮತಿ ಮೇಡಂ ಕಾರು ಮತ್ತೆ ಸುದ್ದಗುಂಟೆಪಾಳ್ಯದ ಗ್ಯಾರೇಜಿಗೆ ಬಂತು. ಎದುರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಶಾಲಿನಿಯ ಕೈಯಲ್ಲಿದ್ದ ಕಾಫಿ ಹಾಗೇ ತಣ್ಣಗಾಯಿತು.

ಮೆಕ್ಯಾನಿಕ್ ಮೌನೇಶ ಬಾನೆಟ್ ಎತ್ತಿದ. ಮೇಡಂ ಅವನ ಪಕ್ಕವೇ ಬಗ್ಗಿ ಏನೋ ಹೇಳಿ ನಕ್ಕರು. ಅವನೂ ನಕ್ಕ. ತನ್ನ ಅಂಗಡಿಗೆ ಬಂದಾಗ ಕೌಂಟರಿನ ಗಾಜನ್ನಷ್ಟೇ ನೋಡುವ ಗಂಡಸಿಗೆ ಇಷ್ಟೊಂದು ಹಲ್ಲುಗಳಿವೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಅವನೇ ರಸ್ತೆ ದಾಟಿ ಬಂದ.

“ಒಂದು ಡೀಸೆಲ್ ಫಿಲ್ಟರ್ ಕೊಡ್ರಿ.”

“ಮತ್ತೆ ಫಿಲ್ಟರಾ? ಟರ್ಬೋನೇ ಹೋಗಿರ್ಬೇಕು. ಶೋರೂಮಿಗೆ ಕಳ್ಸಿ ಆ ಕಾರನ್ನ. ಆ ಮೇಡಂನೂ.”

“ಏರಿನಾಗ ಕಾರು ಎಳೀವಲ್ದು ಖರೆ, ಆದ್ರ ಟರ್ಬೋ ಚಲೋ ಅದರಿ. ಗಾಳಿ ತುಂಬಿ ಕೊಡ್ತದ, ಅದಕ್ಕ ತಕ್ಕಷ್ಟು ಡೀಸೆಲ್ ಬರ್ವಲ್ದು. ಟ್ಯಾಂಕ್ ಬಿಟ್ಟು ಬಾಟ್ಲಿಯಿಂದ ಡೀಸೆಲ್ ಕೊಟ್ಟು ಓಡಿಸಿ ನೋಡ್ಬೇಕು. ಪಕ್ಕದಾಗ ಬಾಟ್ಲಿ ಹಿಡಿಯಾಕ ಮೇಡಂನ ಕರೀತೀನಿ.”

“ಬೇಡ! ಅವ್ರ ಸೀರೆ ಹಾಳಾಗತ್ತೆ. ನಾನ್ ಹಿಡ್ಕೋತೀನಿ.”

ಬಾನೆಟ್ಟಿನಿಂದ ಕಿಟಕಿಯೊಳಗೆ ಎಳೆದ ಪೈಪು, ಪಕ್ಕದ ಸೀಟಿನಲ್ಲಿ ಕುಳಿತ ಶಾಲಿನಿಯ ಮಡಿಲಲ್ಲಿ ಡೀಸೆಲ್ ಬಾಟಲಿ. ಕುಮಾರಸ್ವಾಮಿ ಲೇಔಟಿನ ಏರಿನಲ್ಲಿ ಅವನು ಆಕ್ಸಿಲರೇಟರ್ ಒತ್ತಿದ. ಯಾರೋ ಬೆನ್ನಿಗೆ ಕೈಯಿಟ್ಟು ನೂಕಿದಂತೆ ಕಾರು ಜಿಗಿಯಿತು. ಅವಳ ದುಪಟ್ಟಾದ ಮೇಲೆ ಡೀಸೆಲ್ ಚೆಲ್ಲಿತು.

“ಸಿಕ್ತು! ಟ್ಯಾಂಕಿನೊಳಗಿನ ಜಾಲರಿಗೆ ಕಸ ಕಟ್ಟ್ಯದ!” ಅವನು ಅವಳತ್ತ ತಿರುಗಿ ನಕ್ಕ. ಅದೇ ನಗು.

“ಮೇಡಂ ಏನಂದ್ರು, ಆಗ ಅಷ್ಟು ನಗೋಕೆ?”

ಅವನ ಕಿವಿ ಕೆಂಪಾಯಿತು. “‘ಎದುರಂಗಡಿ ಹುಡುಗಿ ನನ್ನನ್ನ ಕಣ್ಣಲ್ಲೇ ಸುಡ್ತಾಳೆ’ ಅಂದ್ರು.”

ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ಕೈ ತೊಳೆಯಲೆಂದು ಗ್ಯಾರೇಜಿನೊಳಗೆ ಹೋದವಳು ನಿಂತುಬಿಟ್ಟಳು. ಶೆಲ್ಫಿನ ತುಂಬ ಫಿಲ್ಟರ್ ಡಬ್ಬಿಗಳು. ಎಲ್ಲದರ ಮೇಲೂ ತನ್ನ ಅಂಗಡಿಯ ಸ್ಟಿಕ್ಕರ್, ಒಂದರ ಸೀಲೂ ಒಡೆದಿಲ್ಲ.

“ಇವನ್ನ ಹಾಕೇ ಇಲ್ವಲ್ಲ?”

“ಕಾರಿಗೆ ಒಂದೇ ಸಾಕಾತ್ರಿ.”

“ಮಿಕ್ಕಿದ್ದೆಲ್ಲ ಮೇಡಂ ಬಿಲ್ಲಿಗಾ?”

“ಛೇ! ನನ್ನ ರೊಕ್ಕರಿ.” ಅವನು ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ. “ಸುಮ್ಮಸುಮ್ಮನ ನಿಮ್ಮಂಗಡಿಗೆ ಹ್ಯಾಂಗ ಬರ್ಲಿ?”

ಹೊರಗೆ ಮೇಡಂ ಅವಳ ಅಂಗಡಿಯ ಕಾಯಿನ್ ಫೋನಿನಲ್ಲಿ ಯಾರೊಂದಿಗೋ ನಗುತ್ತಿದ್ದರು.

“ವಾಪಸ್ ತಗೊಳಲ್ಲ ಇವನ್ನ,” ಎಂದಳು ಶಾಲಿನಿ. “ನಾಳೆಯಿಂದ ಸುಮ್ನೇ ಬನ್ನಿ. ಬರೀ ಕೈಯಲ್ಲಿ.”

ಅವನು ತಲೆಯಾಡಿಸಿದ.

“ಜಾಲರಿ ಮಾತ್ರ ಈಗ್ಲೇ ಕ್ಲೀನ್ ಮಾಡಿ, ಅವ್ರನ್ನ ಕಳ್ಸಿ. ಅಲ್ಲೀವರ್ಗೂ ನಾನಿಲ್ಲೇ ನಿಂತಿರ್ತೀನಿ.”