ಅಣ್ಣ ಬಿಟ್ಟುಹೋದ ಕಾರು

ಬ್ರೇಕ್ ಪೆಡಲ್ ನೆಲ ಮುಟ್ಟಿತು. ಕಾರು ನಿಲ್ಲಲಿಲ್ಲ.

ಅಣ್ಣ ಮತ್ತೊಮ್ಮೆ ತುಳಿದ. ಮಗದೊಮ್ಮೆ... ಏನೂ ಇಲ್ಲ!

ಕಡಿದಾದ ಇಳಿಜಾರು. ಮುಂದೆ ಇಟ್ಟಿಗೆ ತುಂಬಿದ ಲಾರಿ. ಹಿಂದೆ ಬೂದು ಬಣ್ಣದ ವ್ಯಾನೊಂದು ಒಂದೇ ಸಮ ಹಾರ್ನ್ ಹೊಡೆಯುತ್ತ ಅಟ್ಟಿಸಿಕೊಂಡು ಬರುತ್ತಿತ್ತು.

"ಗೇರ್ ಇಳಿಸು," ಎಂದೆ.

ಇಳಿಸಿದ. ಇಂಜಿನ್ ಅರಚಿತು. ನಾನು ಎರಡೂ ಕೈಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದೆ. ಲಾರಿಯ ಹಿಂಬದಿಯ ಕೊಂಡಿ ಕಣ್ಣಿಗೆ ಬಡಿಯುವಷ್ಟು ಹತ್ತಿರವಾದಾಗ ಅಣ್ಣ ಸ್ಟೀರಿಂಗ್ ತಿರುಗಿಸಿದ. ರಸ್ತೆ ಕೆಲಸಕ್ಕೆ ಸುರಿದಿದ್ದ ಮರಳಿನ ಗುಡ್ಡೆಗೆ ಮೂತಿ ತೂರಿಸಿ ಕಾರು ನಿಂತಿತು.

ಬದುಕಿದ್ದೆವು.

ಈ ಕಾರಿನ ಬಗ್ಗೆ ಹೇಳಿಬಿಡುತ್ತೇನೆ. ಎರಡೇ ಸೀಟು. ಕಡುಗೆಂಪು. ವಯಸ್ಸು ನಲವತ್ತೆಂಟು, ನನಗಿಂತ ಎರಡು ವರ್ಷ ಹೆಚ್ಚು. ಅಪ್ಪ ಅದನ್ನು ಅಣ್ಣನಿಗೆ ಬರೆದುಕೊಟ್ಟರು. ಅಪ್ಪನ ಜೊತೆ ಅದರ ಕೆಳಗೆ ಮಲಗಿ ಮುಖಕ್ಕೆ ಆಯಿಲ್ ಬೀಳಿಸಿಕೊಂಡವನು ನಾನು. ಇಪ್ಪತ್ತೆರಡು ವರ್ಷ ಅಣ್ಣ ನನಗೆ ಸ್ಟೀರಿಂಗ್ ಮುಟ್ಟಲು ಬಿಟ್ಟಿರಲಿಲ್ಲ. ಕೇಳಿದಾಗಲೆಲ್ಲ ನಗುತ್ತಿದ್ದ. ಆ ನಗು ನೋಡಿ ನನ್ನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು.

ಈಗ ಅವನಿಗೆ ವಿದೇಶದ ಬಂದರಿನಲ್ಲಿ ಕೆಲಸ. ಹತ್ತು ದಿನದಲ್ಲಿ ಹೊರಡಬೇಕು. ಕಾರನ್ನು ಹಡಗಿಗೆ ಹಾಕಿದರೆ ಅಲ್ಲಿಯ ರೂಲ್ಸಿಗೆ ಅರ್ಧ ಕಾರು ಬದಲಾಯಿಸಬೇಕು. ಇಲ್ಲೇ ಮುಚ್ಚಿಟ್ಟರೆ ರಬ್ಬರೆಲ್ಲ ಸಾಯುತ್ತದೆ. ಕೊನೆಗೆ ಬೇರೆ ಊರಿನ ಒಬ್ಬ ಹಳೆ ಕಾರುಗಳ ಸಂಗ್ರಹಕಾರನಿಗೆ ಮಾರಲು ಒಪ್ಪಿದ. ಅವನ ಬಳಿ ಆಗಲೇ ಹನ್ನೊಂದು ಕಾರುಗಳಿದ್ದವು. ಎಲ್ಲವೂ ಗಾಜಿನ ಹಿಂದೆ, ಕಾರ್ಪೆಟ್ಟಿನ ಮೇಲೆ. ಒಂದನ್ನೂ ಸ್ಟಾರ್ಟ್ ಮಾಡುವವನಲ್ಲ.

ನನ್ನ ಹೆಸರನ್ನು ಅಣ್ಣ ಎತ್ತಲೇ ಇಲ್ಲ.

ಅದಾದ ಮೇಲೆ ವೈಪರಿನ ಕೆಳಗೆ ಮೂರು ಚೀಟಿ ಬಂದವು. ಮೂರರಲ್ಲೂ ಒಂದೇ ಸಾಲು: ಈ ಕಾರು ಊರು ಬಿಟ್ಟು ಹೋಗಲ್ಲ. ಕಳುವಾದ ಗಾಡಿಗಳನ್ನು ಪತ್ತೆ ಹಚ್ಚುವುದು ನನ್ನ ಹೊಟ್ಟೆಪಾಡು. ಹಾಗಾಗಿ ಅಣ್ಣನಿಗೆ ಆಗ ನಾನು ನೆನಪಾದೆ.

ಕಾರನ್ನು ಒಪ್ಪಿಸಲು ಹೊರಟಿದ್ದೆವು. ಅಷ್ಟರಲ್ಲಿ ಇದು.

ವ್ಯಾನ್ ನಮ್ಮ ಹಿಂದೆಯೇ ನಿಂತಿತು. ನಾನು ಇಳಿದೆ. ನನ್ನನ್ನು ಕಂಡದ್ದೇ ತಡ, ಅದು ಗಿರಕಿ ಹೊಡೆದು ಬಂದ ದಾರಿಗೇ ವಾಪಸ್ ಓಡಿತು.

ಅಣ್ಣ ಆಗಲೇ ಇಳಿದು ಕಲ್ಲಿನ ಮೇಲೆ ಕೂತಿದ್ದ. ಕೀ ಕಾರಿನಲ್ಲೇ ಇತ್ತು. ಹತ್ತಿ ಕೂತೆ. ರಿವರ್ಸ್ ಹಾಕಿ ಮರಳಿನಿಂದ ಹೊರಗೆಳೆದು ವ್ಯಾನಿನ ಹಿಂದೆ ಬಿಟ್ಟೆ. ಏರು ದಾರಿಗೆ ಬ್ರೇಕ್ ಯಾಕೆ?

ಅಣ್ಣ ಏನೋ ಕೂಗಿದ. ನನಗೆ ಕೇಳಿಸಲಿಲ್ಲ... ಕೇಳಿಸಿಕೊಳ್ಳಲಿಲ್ಲ.

ಸುಳ್ಳು ಹೇಳುವುದಿಲ್ಲ. ಆ ಮೂರು ಮೈಲಿ ನಾನು ಯಾವ ಅಪರಾಧಿಯನ್ನೂ ಬೆನ್ನಟ್ಟುತ್ತಿರಲಿಲ್ಲ. ಕಾರು ಓಡಿಸುತ್ತಿದ್ದೆ. ತಿರುವಿನಲ್ಲಿ ಕಾಲು ತೆಗೆದರೆ ಸಾಕು, ತಾನಾಗಿ ನಿಧಾನ. ಒತ್ತಿದರೆ ಬೆನ್ನು ಸೀಟಿಗೆ ಅಂಟುತ್ತಿತ್ತು. ಇಷ್ಟು ವರ್ಷ ಇದನ್ನೆಲ್ಲ ಅಣ್ಣ ಒಬ್ಬನೇ ಅನುಭವಿಸಿದ್ದ!

ಗುಡ್ಡದ ನೆತ್ತಿಯಲ್ಲಿ ಇಂಜಿನ್ ಕಾದು ಹೊಗೆ ಎದ್ದು ವ್ಯಾನ್ ನಿಂತಿತು. ಬಾಗಿಲು ತೆರೆದು ಇಳಿದವಳು ಸ್ಪ್ಯಾನರಕ್ಕ.

ಅಪ್ಪ ಹೋದಾಗಿನಿಂದ ಈ ಕಾರನ್ನು ರಿಪೇರಿ ಮಾಡುತ್ತಿದ್ದವಳು. ಅರವತ್ತು ದಾಟಿದೆ. ಗಂಡ ಸತ್ತ ಮೇಲೆ ರಿಪೇರಿ ಶೆಡ್ಡನ್ನು ಒಬ್ಬಳೇ ನಡೆಸಿದವಳು.

"ಬ್ರೇಕ್ ಪೈಪಿನ ನಟ್ ಸಡಿಲ ಮಾಡಿದ್ದು ನಾನೇ ಕಣಪ್ಪ," ಎಂದಳು. ಚೀಟಿ ಇಟ್ಟವಳೂ ಅವಳೇ. ತಾನು ಇಷ್ಟು ವರ್ಷ ಓಡುವಂತೆ ಇಟ್ಟ ಕಾರು ಗಾಜಿನ ಹಿಂದೆ ಕೊಳೆಯುವುದು ಅವಳಿಗೆ ಬೇಕಿರಲಿಲ್ಲ. ಬ್ರೇಕ್ ಆಯಿಲೆಲ್ಲ ರಾತ್ರಿಯೇ ಸೋರಿ, ಬೆಳಿಗ್ಗೆ ಕಾರು ಗೇಟು ದಾಟುವುದಿಲ್ಲ ಎಂದುಕೊಂಡಿದ್ದಳಂತೆ. ಸೋರಿದ್ದು ಅರ್ಧ ಮಾತ್ರ. ಬೆಳಿಗ್ಗೆ ಬಂದು ನೋಡಿದರೆ ಅಣ್ಣನ ಮನೆಯ ಗ್ಯಾರೇಜ್ ಖಾಲಿ. ರಿಪೇರಿಗೆ ಬಂದಿದ್ದ ಯಾರದೋ ವ್ಯಾನ್ ಹತ್ತಿ, ನಮ್ಮನ್ನು ನಿಲ್ಲಿಸಲೆಂದೇ ಹಾರ್ನ್ ಹೊಡೆಯುತ್ತ ಬಂದಿದ್ದಳು. ಬದುಕಿದ್ದೇವೆಂದು ಕಂಡ ಮೇಲೆ ಹೆದರಿ ಓಡಿದ್ದಳು.

ಕೈ ಒರೆಸಿಕೊಳ್ಳುತ್ತ ನನ್ನನ್ನೇ ನೋಡಿದಳು.

"ನೆಲದ ಮೇಲೆ ಒದ್ದೆ ಇತ್ತಲ್ಲ. ನಿನ್ನ ಕಣ್ಣಿಗೆ ಬೀಳಲಿಲ್ವಾ?"

ಬಿದ್ದಿತ್ತು.

ಬೆಳಿಗ್ಗೆಯೇ ನೋಡಿದ್ದೆ. ಗೇರ್ ಆಯಿಲ್ ಇರಬೇಕು, ಆ ಸಂಗ್ರಹಕಾರ ನೋಡಿ ಬೇಡವೆನ್ನಲಿ, ಅಣ್ಣನಿಗೆ ಮುಖಭಂಗವಾಗಲಿ... ಎಂದು ಸುಮ್ಮನಿದ್ದೆ.

ಅಷ್ಟರಲ್ಲಿ ಇಟ್ಟಿಗೆ ಲಾರಿಯವನು ಗುಡ್ಡ ಹತ್ತುವ ಗಾಡಿಯೊಂದಕ್ಕೆ ಅಣ್ಣನನ್ನು ಹತ್ತಿಸಿ ನಮ್ಮಲ್ಲಿಗೆ ಕಳಿಸಿಕೊಟ್ಟ. ಯಾರು, ಏನು ಎಂದು ಅಣ್ಣ ಕೇಳಿದ. ಪೈಪು ಹಳೆಯದು ಎಂದುಬಿಡಬಹುದಿತ್ತು. ಸ್ಪ್ಯಾನರಕ್ಕ ತನ್ನ ತಪ್ಪನ್ನು ಹೇಳಿದಳು. ಅದನ್ನು ಕೇಳಿದ ಮೇಲೆ ನನ್ನದನ್ನು ನಾನೂ ಹೇಳಿದೆ.

ಎರಡು ದಿನ ಅಣ್ಣ ಇಬ್ಬರ ಜೊತೆಯೂ ಮಾತಾಡಲಿಲ್ಲ. ಮೂರನೆಯ ದಿನ ಅಕ್ಕನ ಶೆಡ್ಡಿಗೆ ನನ್ನನ್ನು ಕರೆದ. ಸಂಗ್ರಹಕಾರನಿಗೆ ಆಗುವುದಿಲ್ಲ ಎಂದು ಫೋನ್ ಮಾಡಿದ್ದನಂತೆ. ಕೀಯನ್ನು ಅಕ್ಕನ ಕೈಯಲ್ಲಿಟ್ಟ. ಪ್ರತಿ ಭಾನುವಾರ ಓಡಿಸಬೇಕು ಎಂದ. ಅವಳು ತಲೆ ತಗ್ಗಿಸಿ ನಿಂತಳು.

ನಾನು ಮುಂದೆ ಬಂದೆ. "ನಮ್ಮನ್ನ ಸಾಯಿಸ್ತಿದ್ದವಳಿಗಾ?"

"ಅವಳು ತಪ್ಪು ಮಾಡಿ ಕಾಪಾಡೋಕೆ ಓಡಿಬಂದಳು," ಎಂದ ಅಣ್ಣ. "ನೀನು ಏನೂ ಮಾಡ್ಲಿಲ್ಲ. ನೋಡ್ತಾ ಇದ್ದೆ."

ಆ ಸಲ ಅವನು ನಗಲಿಲ್ಲ.

ವಿಮಾನ ನಿಲ್ದಾಣಕ್ಕೆ ನಾನೇ ಬಿಟ್ಟುಬಂದೆ. ಬಾಡಿಗೆ ಕಾರಿನಲ್ಲಿ. ಇಳಿಯುವಾಗ ಭುಜ ತಟ್ಟಿದ. ಅಣ್ಣನ ಮೇಲೆ ಈಗ ನನಗೆ ಒಂಚೂರೂ ಹೊಟ್ಟೆಕಿಚ್ಚಿಲ್ಲ. ಭಾನುವಾರ ಬೆಳಿಗ್ಗೆ ಅಕ್ಕ ಆ ಕೆಂಪು ಕಾರಿನಲ್ಲಿ ನನ್ನ ಬೀದಿಯಲ್ಲಿ ಹಾದುಹೋಗುತ್ತಾಳೆ, ಕಿಟಕಿಯಲ್ಲಿ ನಿಂತು ನೋಡುತ್ತೇನೆ.

ಹೊಟ್ಟೆಕಿಚ್ಚಿನ ವಿಳಾಸ ಬದಲಾಗಿದೆ, ಅಷ್ಟೇ.