ಅವನ ಭುಜದ ಮೇಲಿನ ಕೂದಲು

"ಮೌಸ್ ಮೇಲಿಂದ ಕೈ ತೆಗೀರಿ!"

ಅವಳ ಕೂಗಿಗೆ ಇಡೀ ಸ್ಟುಡಿಯೋ ತಿರುಗಿ ನೋಡಿತು.

ಬೆಳಗ್ಗೆಯಿಂದ ಅವಳು ಕಂಪ್ಯೂಟರಿನಲ್ಲಿ ಒಂದು ಬೆತ್ತದ ಕುರ್ಚಿಯನ್ನು ಫೋಟೋದಿಂದ ಕತ್ತರಿಸಿ ಬಿಡಿಸುತ್ತಿದ್ದಳು. ಕಿಂಡಿ ಕಿಂಡಿಗೂ ಗೆರೆ ಎಳೆದು ಕಣ್ಣು ಉರಿಯುತ್ತಿತ್ತು. ಅಷ್ಟರಲ್ಲಿ ಯಾರೋ ಹೊಸಬ ಬಂದು, ಒಂದು ಮಾತೂ ಕೇಳದೆ, ಆ ಕುರ್ಚಿಯ ಮೇಲೆ ಒಮ್ಮೆ ಒತ್ತಿದ. ಕುರ್ಚಿ ಇಡಿಯಾಗಿ ಎದ್ದು ಬಂತು! ಅದಿದ್ದ ಜಾಗದಲ್ಲಿ ಗೋಡೆ, ನೆಲ ತಾವಾಗಿಯೇ ತುಂಬಿಕೊಂಡವು.

"ಇದು ನೋಡಿ ಕಲಿಯೋ ಪ್ರೋಗ್ರಾಮ್. ಯಾವುದು ಕುರ್ಚಿ, ಯಾವುದು ಗೋಡೆ ಅಂತ ಇದಕ್ಕೇ ಗೊತ್ತಾಗುತ್ತೆ," ಎಂದ ಅವನು, ಆ ಪ್ರೋಗ್ರಾಮನ್ನು ಸ್ಟುಡಿಯೋಗೆ ಮಾರಲು ಬಂದ ಇಂಜಿನಿಯರ್, ಹೆಮ್ಮೆಯಿಂದ.

"ಹೌದಾ? ಕುರ್ಚಿ ಮೇಲಿದ್ದ ಬೆಕ್ಕಿನ ಬಾಲ ಎಲ್ಲಿ?"

ಅವನು ಬಗ್ಗಿ ನೋಡಿದ. ಬೆಕ್ಕು ಕುರ್ಚಿಯ ಜೊತೆಗೇ ಬಂದಿತ್ತು. ಬಾಲ ಮಾತ್ರ ಗೋಡೆಯ ಮೇಲೆ ಉಳಿದುಬಿಟ್ಟಿತ್ತು!

ಅವನು ಬಿದ್ದು ಬಿದ್ದು ನಕ್ಕ. "ಅದಕ್ಕೇ ನೀವು ಬೇಕು. ನೀವು ಗೆರೆ ಎಳೆದು ತೋರಿಸಿ, ಇದು ನಿಮ್ಮಿಂದ ಕಲೀಲಿ."

ಸ್ಟುಡಿಯೋದಲ್ಲಿ ಅವಳಿಗೆ 'ಕತ್ತರಿ' ಎಂದೇ ಅಡ್ಡಹೆಸರು. ಕೆಲಸವೂ ಹಾಗೇ, ಬಾಯಿಯೂ ಹಾಗೇ. ಅಂಥವಳ ಮನಸ್ಸಿನಲ್ಲಿ ಆ ನಗು ಬಂದು ಕೂತುಬಿಟ್ಟಿತು.

ಆಮೇಲೆ ಅಕ್ಕಪಕ್ಕದ ಕುರ್ಚಿ, ಆರಿಹೋದ ಟೀ, ಹಗಲೆಲ್ಲ ಮಾತು... ಕೊಡೆ, ಸೈಕಲ್, ನಾಯಿಮರಿ, ಅವಳು ಗೆರೆ ಎಳೆದದ್ದನ್ನೆಲ್ಲ ಪ್ರೋಗ್ರಾಮ್ ಕಲಿತುಕೊಂಡಿತು.

"ಹಾರೋ ಕೂದಲು ಬಿಡಿಸೋದು ಮಾತ್ರ ಇದಕ್ಕೆ ಬರ್ತಿಲ್ಲ," ಎಂದ ಅವನು ಒಂದು ದಿನ. "ನನ್ನ ಹಳೇ ಆಲ್ಬಮ್ ಕೊಡ್ತೀನಿ. ಅದರಲ್ಲಿ ಗೆರೆ ಎಳೆದುಕೊಡ್ತೀರಾ?"

ಅವಳು ಖುಷಿಯಿಂದಲೇ ಆಲ್ಬಮ್ ತೆರೆದಳು.

ಸಮುದ್ರದ ದಂಡೆ. ಅವನು. ಅವನ ಪಕ್ಕದಲ್ಲಿ... ಒಬ್ಬ ಹುಡುಗಿ!

ಆ ಹುಡುಗಿಯ ಉದ್ದ ಕೂದಲು ಗಾಳಿಗೆ ಹಾರಿ ಅವನ ಭುಜದ ಮೇಲೆ ಹರಡಿತ್ತು. ಮುಂದಿನ ಫೋಟೋದಲ್ಲೂ ಅವಳೇ. ಅದರ ಮುಂದಿನದರಲ್ಲೂ!

ಯಾರಿವಳು? ಕೇಳಿಬಿಡಲೇ? ಕೇಳೋಕೆ ನಾನು ಅವರಿಗೆ ಏನಾಗ್ಬೇಕು?

ಕೇಳಲಿಲ್ಲ. ಆ ಕೂದಲಿನ ಎಳೆ ಎಳೆಯನ್ನೂ ದೊಡ್ಡದು ಮಾಡಿ ನೋಡಬೇಕಿತ್ತು. ಎಂಥ ಶಿಕ್ಷೆ! ಎಷ್ಟು ಚೆಂದದ ಕೂದಲಪ್ಪಾ ಎನ್ನಿಸಿದಷ್ಟೂ ಹೊಟ್ಟೆ ಉರಿಯಿತು.

ಮನೆಯಲ್ಲಿ ಅವಳು ಕನ್ನಡಿ ಮುಂದೆ ನಿಂತು ತನ್ನ ಜಡೆ ಬಿಚ್ಚುವುದು, ಮತ್ತೆ ಹೆಣೆಯುವುದು ಮಾಡುತ್ತಿದ್ದಳು.

"ಏನೇ ಇದು, ಯಾರ ಜೊತೆ ಪೈಪೋಟಿ?" ಅಕ್ಕ ಛೇಡಿಸಿದಳು.

"ಸುಮ್ನಿರೇ ಅಕ್ಕ!" ಎಂದವಳ ಕಣ್ಣು ತುಂಬಿತ್ತು.

ಮರುದಿನ ಅವಳು ಆ ಹುಡುಗಿಯ ಸುತ್ತ ಎಳೆದ ಗೆರೆಯನ್ನು ಕುತ್ತಿಗೆಗೇ ನಿಲ್ಲಿಸಿದಳು. ಅವನ ಭುಜದ ಮೇಲಿದ್ದ ಕೂದಲೆಲ್ಲ ಗೆರೆಯಿಂದ ಹೊರಗೆ! ಒಂದು ಫೋಟೋದಲ್ಲಲ್ಲ, ಆಲ್ಬಮಿನ ಎಲ್ಲ ಫೋಟೋಗಳಲ್ಲೂ.

"ನೀವು ಎಳೆದದ್ದನ್ನ ನಾನು ಮತ್ತೆ ನೋಡೋದೇನಿದೆ!" ಎನ್ನುತ್ತ ಅವನು ಎಲ್ಲವನ್ನೂ ಪ್ರೋಗ್ರಾಮಿಗೆ ಕಲಿಸಿಬಿಟ್ಟ. ಹಾರುವ ಕೂದಲಿನ ಬಗ್ಗೆ ಅದಕ್ಕೆ ಸಿಕ್ಕ ಪಾಠ ಅದೊಂದೇ.

ಸ್ಟುಡಿಯೋದ ಯಜಮಾನರು ಪ್ರೋಗ್ರಾಮನ್ನು ಪರೀಕ್ಷೆ ಮಾಡಲು ಕೂತರು. ಅವರು ತಮ್ಮ ಹೆಂಡತಿಯ ಫೋಟೋ ತೆರೆದು ಒಮ್ಮೆ ಒತ್ತಿದರು.

ಹೆಂಡತಿ ಎದ್ದು ಬಂದರು, ಬಾಬ್ ಕಟ್ ಮಾಡಿಸಿಕೊಂಡವರ ಹಾಗೆ! ಕೂದಲು ಹಿಂದಿನ ಹೂಗಿಡಗಳ ಮೇಲೆ ತೇಲುತ್ತಿತ್ತು.

"ಏನ್ರೀ ಇದು! ಅವಳು ನೋಡಿದ್ರೆ ನನ್ನ ಗತಿ ಏನು? ಇಂಥದ್ದನ್ನ ನಂಬಿ ಗಿರಾಕಿಗಳ ಫೋಟೋ ಕೊಡ್ಲಾ? ನಂಗೆ ಬೇಡ, ತಗೊಂಡ್ಹೋಗಿ!"

"ತಪ್ಪು ನನ್ನದೇ ಸರ್," ಎಂದ ಅವನು ತಲೆ ತಗ್ಗಿಸಿ.

ಅವಳಿಗೆ ತಡೆಯಲಾಗಲಿಲ್ಲ. "ಇಲ್ಲ ಸರ್, ನನ್ನದು! ಬೇಕೂಂತ್ಲೇ ತಪ್ಪು ಕಲಿಸಿದ್ದು ನಾನು. ಇವರದ್ದೇನೂ ಇಲ್ಲ. ನಾನೇ ಎಲ್ಲ ಮತ್ತೆ ಎಳೆದುಕೊಡ್ತೀನಿ."

ಯಜಮಾನರು ಇಬ್ಬರ ಮುಖವನ್ನೂ ನೋಡಿ, "ಮೊದಲು ನಿಮ್ಮಿಬ್ಬರದ್ದು ಸರಿ ಮಾಡ್ಕೊಳ್ಳಿ. ಆಮೇಲೆ ನನ್ನ ಹೆಂಡತಿ ಕೂದಲು," ಎಂದು ಎದ್ದು ಹೋದರು.

ಕೋಣೆಯಲ್ಲಿ ಇಬ್ಬರೇ ಉಳಿದರು.

"ಯಾಕೆ?" ಅವನ ಸ್ವರ ಮೆಲ್ಲಗಿತ್ತು.

"ಯಾಕಂದ್ರೆ... ಆ ಕೂದಲು ನಿಮ್ಮ ಭುಜದ ಮೇಲಿತ್ತು! ನಂಗೆ ಸಹಿಸೋಕಾಗ್ಲಿಲ್ಲ. ಸಾಕಾ?"

ಅವನು ಮತ್ತೆ ಆ ಆಲ್ಬಮ್ ತೆರೆದ.

"ಮದುವೆ ಆಗ್ಬೇಕಿತ್ತು ನಾವು. ಅವಳಿಗೆ ಬೇಡ ಅನ್ನಿಸ್ತು, ಹೋದ್ಲು. ಎಷ್ಟೋ ಜನರ ಫೋಟೋದಿಂದ ಬೇಡವಾದವರನ್ನ ತೆಗೆದೆ, ಇದನ್ನ ಮಾತ್ರ ಮುಟ್ಟಲಿಲ್ಲ. ತೆಗೆದ್ರೆ ಅಲ್ಲಿ ಏನು ಉಳಿಯುತ್ತೋ ಅಂತ ಭಯ. ನಿಮ್ಮ ಕೈಗೆ ಕೊಟ್ಟಾಗ... ಆ ಭಯ ಇರಲಿಲ್ಲ."

ಅವನು ಫೋಟೋದಲ್ಲಿದ್ದ ಹುಡುಗಿಯ ಮೇಲೆ ಒತ್ತಿದ. ಅವಳು ಹೋದಳು. ಅವನ ಭುಜದ ಮೇಲೆ ಉಳಿದ ಕೂದಲಿಗೆ 'ಕತ್ತರಿ'ಯೇ ಗೆರೆ ಎಳೆದಳು, ಈ ಸಲ ಎಳೆ ಎಳೆಯಾಗಿ, ಒಂದಿಷ್ಟೂ ಮೋಸವಿಲ್ಲದೆ. ಅದೂ ಹೋಯಿತು. ಅಲ್ಲಿ ಬರೀ ಸಮುದ್ರ ತುಂಬಿಕೊಂಡಿತು.

"ಇಷ್ಟೇನಾ!" ಅವನು ಉಸಿರು ಬಿಟ್ಟ. ಆಮೇಲೆ ಅಳುಕುತ್ತ, "ಈ ಜಾಗದಲ್ಲಿ ನೀವು..." ಎಂದ.

"ಬೇಡ. ಬೇರೆಯವರು ನಿಂತ ಜಾಗಕ್ಕೆ ನನ್ನನ್ನ ಅಂಟಿಸ್ಬೇಡಿ." ಅವಳು ಕಣ್ಣೊರೆಸಿಕೊಂಡಳು. "ಹೊಸ ಫೋಟೋ ತೆಗೆಸ್ಕೊಳ್ಳೋಣ."

ಅವನ ಮುಖ ಅರಳಿತು. "ಯಾವಾಗ?"

"ಭಾನುವಾರ. ಜಡೆ ಬಿಗಿಯಾಗಿ ಹಾಕ್ಕೊಂಡು ಬರ್ತೀನಿ, ನಿಮ್ಮ ಪ್ರೋಗ್ರಾಮಿಗೆ ಬಿಡಿಸೋಕೆ ಸುಲಭ ಆಗ್ಲಿ."

"ಕೂದಲು ಬಿಟ್ಕೊಂಡೇ ಬನ್ನಿ," ಎಂದ ಅವನು. "ನನ್ನ ಪಕ್ಕದಿಂದ ನಿಮ್ಮನ್ನ ಬಿಡಿಸೋದು ಯಾರಿಗೆ ಬೇಕು?"